ಜ್ವರ ಬಾರದ ಮಗು

ನಮ್ಮ ಓಣಿಯಲ್ಲಿ ಮಕ್ಕಳ ಜ್ವರವನ್ನು ಹೆಂಗಸರು ಹೊರುತ್ತಾರೆ. ಮಗುವಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಮೂರು ಸಲ ಉಸಿರೆಳೆದು ಬಿಡುವಷ್ಟು ಹೊತ್ತು ಕೂತರೆ ಸಾಕು. ಕಾವು ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಗಲಿಗೆ ಏರಿ ಬರುತ್ತದೆ. ಮಗು ತಣ್ಣಗಾಗಿ ಕಣ್ಣು ಬಿಡುತ್ತದೆ. ಹೊತ್ತವಳು ಹೋಗಿ ಮಲಗುತ್ತಾಳೆ. ಮರುದಿನ ಬೆಳಕು ಹರಿಯುವಷ್ಟರಲ್ಲಿ ಅವಳ ಮೈಯೂ ತಣ್ಣಗಾಗಿರುತ್ತದೆ. ಬರುವುದು ಕಾವು ಮಾತ್ರ, ಕಾಯಿಲೆ ಮಗುವಿನಲ್ಲೇ ಉಳಿಯುತ್ತದೆ, ಔಷಧಿಯನ್ನು ಮಗುವಿಗೇ ಕುಡಿಸಬೇಕು. ಆದರೆ ಕಾವು ಇಳಿದ ಮಗು ನಾಲ್ಕು ತುತ್ತು ಉಣ್ಣುತ್ತದೆ, ಒಂದಿಷ್ಟು ನಿದ್ದೆ ಮಾಡುತ್ತದೆ. ತಾಯಿಯಾದವಳಿಗೆ ಅದು ಸಣ್ಣ ಮಾತಲ್ಲ.

ಇದಕ್ಕೆ ಎರಡು ಕಟ್ಟು. ಹೆತ್ತವಳ ಅಂಗೈಗೆ ತನ್ನ ಮಗುವಿನ ಜ್ವರ ಹತ್ತುವುದಿಲ್ಲ. ಇಡೀ ದಿನ ಕೈ ಇಟ್ಟುಕೊಂಡು ಕೂತರೂ ಅಷ್ಟೇ, ಬೇರೆ ಯಾರಾದರೂ ಬರಬೇಕು. ಎರಡನೆಯದು, ಹಸಿದವಳಿಗೂ ಹತ್ತುವುದಿಲ್ಲ. ಹಾಗಾಗಿ ಜ್ವರ ಹೊರಲು ಬಂದವಳಿಗೆ ಮೊದಲು ಊಟ ಹಾಕುವುದು ನಮ್ಮಲ್ಲಿನ ವಾಡಿಕೆ. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ತಂದಾದರೂ ಒಂದು ತಟ್ಟೆ ಅನ್ನ, ಸಾರು. ಅವಳು ಉಂಡು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆ ಮಗುವನ್ನು ಮುಟ್ಟುತ್ತಾಳೆ. ಹೊತ್ತವಳ ಬಾಗಿಲಿಗೆ ಒಂದು ಒದ್ದೆ ಟವೆಲ್ ಹಾಕುತ್ತೇವೆ. ಅದನ್ನು ನೋಡಿದವರು ಅವಳನ್ನು ಕೆಲಸಕ್ಕೆ ಕರೆಯುವುದಿಲ್ಲ. ಅವಳ ಪಾಲಿನ ನೀರನ್ನು ಬೇರೆಯವರು ತಂದು ಹಾಕುತ್ತಾರೆ.

ನಮ್ಮ ಭಾಗಕ್ಕೆ ಬರುವ ನರ್ಸು ಎಸ್ತರಮ್ಮ ಮೊದಮೊದಲು ಇದಕ್ಕೆ ಸಿಡಿಮಿಡಿ ಮಾಡುತ್ತಿದ್ದರು. "ಜ್ವರ ಇವಳ ಮೈಯಾಗೆ, ಕಾಯಿಲೆ ಅದರ ಮೈಯಾಗೆ, ನಾನು ಯಾರನ್ನ ನೋಡ್ಲಿ?" ಎನ್ನುತ್ತಿದ್ದರು. ಆಮೇಲೆ ಅವರೇ ದಾರಿ ಕಂಡುಕೊಂಡರು. ವಾರಕ್ಕೆರಡು ಸಲ ಓಣಿಗೆ ಬಂದಾಗ ಒದ್ದೆ ಟವೆಲ್ ಇರುವ ಬಾಗಿಲಲ್ಲಿ ನಿಲ್ಲುವುದು, ಹೊತ್ತವಳ ಬಾಯಿಗೆ ಥರ್ಮಾಮೀಟರ್ ಇಡುವುದು, ಯಾರ ಮಗುವಿನದು ಎಂದು ಕೇಳಿ ಆ ಮನೆಗೆ ಹೋಗಿ ಮಗುವಿಗೆ ಔಷಧಿ ಕೊಡುವುದು. ಮೀಸೆ ಬಂದ ಹುಡುಗರ ತಾಯಂದಿರು ಎಳೆಕೂಸಿನ ಜ್ವರಕ್ಕೆ ಬಾಯಿ ತೆರೆದು ಕೂರುವುದನ್ನು ನೋಡಿದರೆ ಹೊರಗಿನವರಿಗೆ ನಗು ಬರಬೇಕು. ನಮಗೆ ರೂಢಿಯಾಗಿದೆ.

ನಮ್ಮದು ಮಂಡಕ್ಕಿ ಭಟ್ಟಿಗಳ ಊರು. ಊರಿನ ತಗ್ಗಿನ ಕಡೆ, ದೊಡ್ಡ ಮೋರಿ ಹಾದುಹೋಗುವಲ್ಲಿ ಭಟ್ಟಿಗಳ ಸಾಲು, ಅದರ ಹಿಂದೆ ನಮ್ಮ ಓಣಿ. ಭತ್ತದ ಹೊಟ್ಟು ಉರಿಸಿ, ಕಾದ ಮರಳಿನಲ್ಲಿ ಅಕ್ಕಿ ಹುರಿದರೆ ಅರಳಿ ಮಂಡಕ್ಕಿಯಾಗುತ್ತದೆ. ಹುರಿಯುವುದು ಗಂಡಸರು, ಜರಡಿ ಹಿಡಿದು ಮರಳು ಬೇರೆ ಮಾಡುವುದು ನಾವು. ನನ್ನ ಹೆಸರು ಕೊಟ್ರಮ್ಮ, ಓಣಿಯವರಿಗೆ ಕೊಟ್ರಕ್ಕ. ಮೂವತ್ತು ವರ್ಷದಿಂದ ಜರಡಿ ಹಿಡಿದಿದ್ದೇನೆ. ನನ್ನ ಕೂದಲು ಬೆಳ್ಳಗಾದದ್ದು ವಯಸ್ಸಿಗೋ ಹೊಟ್ಟಿನ ಬೂದಿಗೋ ಎಂದು ನನ್ನ ಗಂಡ ಈಗಲೂ ಕೇಳುತ್ತಾನೆ.

ಒಂದು ಮಾತು ಹೇಳಿಬಿಡುತ್ತೇನೆ. ಜ್ವರ ಹೊರುವುದು ನನಗೆ ಇಷ್ಟ. ಓಣಿಯ ಬಹಳ ಹೆಂಗಸರಿಗೆ ಇಷ್ಟ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ವರ್ಷದಲ್ಲಿ ನಾವು ಹಗಲು ಹೊತ್ತು ಮಲಗುವುದು ಅವತ್ತು ಮಾತ್ರ. ಚಾಪೆ ಹಾಸಿ, ಕಂಬಳಿ ಹೊದ್ದು, ಹೊರಗೆ ಬೇರೆಯವರು ನನ್ನ ಕೊಡ ತುಂಬಿಸುವ ಸದ್ದು ಕೇಳುತ್ತ ಮಲಗಿದರೆ, ಮೈ ನೋಯುತ್ತಿದ್ದರೂ ಮನಸ್ಸು ಹಗುರಾಗಿರುತ್ತದೆ. ಗಂಡ ಬಂದು ಬಾಗಿಲಲ್ಲಿ ನಿಂತು, "ಗಂಜಿ ಕಾಯಿಸ್ಲೇನು?" ಎನ್ನುತ್ತಾನೆ. ಬೇರೆ ದಿನ ಅವನಿಗೆ ಗಂಜಿ ಯಾವ ಪಾತ್ರೆಯಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ನನ್ನ ಗೆಳತಿ ಮಾಬುನ್ನಿಯಂತೂ ಹಗುರ ಜ್ವರ ಎಲ್ಲಿ ಸಿಗುತ್ತದೆಂದು ಕಾದಿರುತ್ತಾಳೆ. ಹಲ್ಲು ಬರುವ ಮಕ್ಕಳ ಮನೆಯ ಮುಂದೆ ಅವಳ ಓಡಾಟ ಜಾಸ್ತಿ. "ಮಾಬುನ್ನೀ, ಅದಕ್ಕಿನ್ನೂ ಜ್ವರ ಬಂದಿಲ್ಲ, ಹೋಗೇ," ಎಂದರೆ, "ಬರ್ಲಿ ಬಿಡು, ನಾನೇನು ಅವಸರ ಮಾಡಿದ್ನಾ?" ಎಂದು ಕಟ್ಟೆ ಮೇಲೆ ಕೂರುತ್ತಾಳೆ.

ಇಂಥ ಓಣಿಗೆ ಹುಲಿಗೆಮ್ಮ ಬಂದಳು. ಇಪ್ಪತ್ತೆರಡು ವಯಸ್ಸಿರಬೇಕು. ಗಂಡ ಲಾರಿಯ ಜೊತೆ ಮೂಟೆ ಇಳಿಸಲು ಹೋದರೆ ಹದಿನೈದು ದಿನ ಬರುವುದಿಲ್ಲ. ಸೊಂಟದಲ್ಲಿ ಎಂಟು ತಿಂಗಳ ಹೆಣ್ಣು ಮಗು, ರೇಣುಕ. ನಾವೆಲ್ಲ ರೇಣಿ ಎನ್ನುತ್ತಿದ್ದೆವು. ನನ್ನ ಮನೆಗೆ ಅಂಟಿಕೊಂಡಿರುವ ಒಂದು ಕೋಣೆಯಲ್ಲಿ ಅವರ ಸಂಸಾರ. ಭಟ್ಟಿಯಲ್ಲಿ ನನ್ನ ಪಕ್ಕದ ಜರಡಿಯೂ ಅವಳದೇ ಆಯಿತು.

ಹುಲಿಗೆಮ್ಮ ಯಾರನ್ನೂ ಏನೂ ಕೇಳುವವಳಲ್ಲ. ಉಪ್ಪು ತೀರಿದರೆ ಉಪ್ಪಿಲ್ಲದೆ ಉಣ್ಣುತ್ತಿದ್ದಳು. ಬೇರೆಯವರ ಮಕ್ಕಳಿಗೆ ಜ್ವರ ಬಂದರೆ ಮಾತ್ರ ಕರೆಯುವ ಮೊದಲೇ ಹೋಗುತ್ತಿದ್ದಳು. ಮಲಗುವ ಪಾಳಿ ಬಂದಾಗಲೂ ತನ್ನ ನೀರು ತಾನೇ ತರಲು ಎದ್ದು ಬೈಸಿಕೊಳ್ಳುತ್ತಿದ್ದಳು. ಮತ್ತೆ ಅವಳ ಮಗಳಿಗೆ ಒಂದು ದಿನವೂ ಜ್ವರ ಬರಲಿಲ್ಲ. ತಿಂಗಳಾಯಿತು, ಮೂರು ತಿಂಗಳಾಯಿತು, ಆರು ತಿಂಗಳಾಯಿತು. ಓಣಿಯಲ್ಲಿ ಅದೊಂದು ಮಾತಾಯಿತು. "ಪುಣ್ಯ ಮಾಡಿದ್ದೀಯ ಕಣೇ," ಎಂದು ಹೆಂಗಸರು ಅನ್ನುತ್ತಿದ್ದರು. ಹುಲಿಗೆಮ್ಮ ತಲೆ ತಗ್ಗಿಸಿ ಜರಡಿ ಆಡಿಸುತ್ತಿದ್ದಳು. ಆದರೆ ಅವಳ ಮುಖ ನೋಡುವಂತಿರುತ್ತಿತ್ತು. ನನ್ನ ಮಗಳು ಯಾರ ಹಂಗಿಗೂ ಬೀಳಲಿಲ್ಲ ಎನ್ನುವ ಗತ್ತು ಅದು. ಇಲ್ಲದವರಿಗೆ ಅಷ್ಟು ಗತ್ತು ಸಿಕ್ಕಿದರೂ ಅದನ್ನು ಒಡವೆಯ ಹಾಗೆ ಹಾಕಿಕೊಳ್ಳುತ್ತೇವೆ.

ರೇಣಿಯನ್ನು ನಾವೆಲ್ಲ ಹೊಗಳುತ್ತಿದ್ದೆವು. ಅಳುವುದೇ ಇಲ್ಲ. ಮಂಡಕ್ಕಿ ಚೀಲಗಳ ನಡುವೆ ಕೂರಿಸಿ, ಮುಂದೆ ಒಂದು ಹಿಡಿ ಮಂಡಕ್ಕಿ ಹಾಕಿದರೆ ಸಂಜೆವರೆಗೂ ಅಲ್ಲೇ. ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ, ಎಲ್ಲೋ ನೋಡುತ್ತ ಇರುತ್ತಿತ್ತು. ಕೂದಲು ಕೆಂಚಗೆ, ಬಿಸಿಲು ಬಿದ್ದರೆ ಬಂಗಾರದ ಹಾಗೆ. "ದೊರೆಸಾನಿ ಕೂದಲು," ಎನ್ನುತ್ತಿದ್ದಳು ಮಾಬುನ್ನಿ. ಕೆನ್ನೆ ಉಬ್ಬಿ, ಪಾದಗಳು ತುಂಬಿಕೊಂಡಿದ್ದವು. ಓಣಿಯ ಉಳಿದ ಮಕ್ಕಳ ಕಾಲು ಬೆಂಡೆಕಾಯಿಯ ಹಾಗಿದ್ದರೆ ಇವಳ ಪಾದ ಬನ್ನಿನ ಹಾಗೆ. ನಾನೂ ಹೊಗಳಿದ್ದೇನೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಆ ವರ್ಷ ಮಳೆ ಶುರುವಾದ ಮೇಲೆ ಮೋರಿಯ ಪಕ್ಕ ನಲ್ಲಿಯ ಪೈಪು ಒಡೆಯಿತು. ನೀರಿಗೆ ವಾಸನೆ ಬಂದಾಗ ಒಂದು ದಿನ ಮೂಗು ಮುಚ್ಚಿಕೊಂಡೆವು, ಎರಡನೆಯ ದಿನ ರೂಢಿಯಾಯಿತು. ವಾರ ತುಂಬುವ ಮೊದಲೇ ಮಕ್ಕಳಿಗೆ ವಾಂತಿ ಭೇದಿ ಹಿಡಿಯಿತು. ಎಲ್ಲರಿಗೂ ಜ್ವರ. ಓಣಿಯ ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಒದ್ದೆ ಟವೆಲ್‌ಗಳು. ಹೊರುವವರು ಸಾಲದೆ ಗಂಡಸರೂ ಹೊತ್ತರು. ನನ್ನ ಗಂಡ ಒಂದು ಸಣ್ಣ ಜ್ವರ ಹೊತ್ತು ಅರ್ಧ ದಿನ ನರಳಿದ್ದನ್ನು ಓಣಿ ಇನ್ನೂ ಮರೆತಿಲ್ಲ. ಭಟ್ಟಿಯ ಯಜಮಾನ ಬಂದು ಖಾಲಿ ಜರಡಿಗಳನ್ನು ನೋಡಿ ತಲೆ ಮೇಲೆ ಕೈ ಹೊತ್ತು ಹೋದ. ಎಸ್ತರಮ್ಮ ವಾರಕ್ಕೆರಡು ಸಲ ಬರುವವರು ದಿನಾ ಬರತೊಡಗಿದರು. ನೀರು ಕುದಿಸಿ ಕುದಿಸಿ ಎಂದು ಅವರ ಗಂಟಲು ಕಟ್ಟಿತು. ಮನೆಮನೆಗೂ ಓಆರ್‌ಎಸ್ ಪೊಟ್ಟಣ ಹಂಚಿದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದರು.

ರೇಣಿಗೂ ಭೇದಿ ಆಗಿತ್ತು. ಆದರೆ ಜ್ವರ ಇಲ್ಲ, ಅಳು ಇಲ್ಲ. ಜ್ವರ ಇಲ್ಲದ್ದಕ್ಕೆ ಯಾರೂ ಹೊರಲಿಲ್ಲ. ಅವಳಿಗಾಗಿ ಯಾವ ಬಾಗಿಲಿಗೂ ಟವೆಲ್ ಬೀಳಲಿಲ್ಲ. ಎಸ್ತರಮ್ಮ ಟವೆಲ್ ಇದ್ದಲ್ಲಿ ನಿಂತು, ಇಲ್ಲದಲ್ಲಿ ಮುಂದೆ ಹೋಗುತ್ತಿದ್ದರು. ಹುಲಿಗೆಮ್ಮ ಹೊತ್ತು ಮಲಗಿದ ದಿನವೂ ಅವಳ ಬಾಯಿಗೆ ಥರ್ಮಾಮೀಟರ್ ಇಟ್ಟು, "ಯಾರದು?" ಎಂದು ಕೇಳಿ, ಆ ಮಗುವಿನ ಮನೆಗೆ ಓಡಿದರು. ಮೂಲೆಯಲ್ಲಿ ಕೂತ ರೇಣಿಯನ್ನು ನೋಡಿ, "ಇದೊಂದು ಚೆನ್ನಾಗೈತಲ್ಲಪ್ಪ," ಎಂದರಂತೆ. ಆಮೇಲೆ ಅವರು ಆ ಮಾತಿಗೆ ಬಹಳ ದಿನ ಕೊರಗಿದರು.

ಒಂದು ಮಧ್ಯಾಹ್ನ ನಾನು ಮಾಬುನ್ನಿಯ ಮೊಮ್ಮಗನ ಜ್ವರ ಹೊತ್ತಿದ್ದೆ. ನನ್ನ ಮನೆ ಸೋರುತ್ತಿತ್ತೆಂದು ಹುಲಿಗೆಮ್ಮ, "ನಮ್ಮ ಕೋಣ್ಯಾಗೆ ಮಲಕ್ಕೋ ಬಾರಕ್ಕ, ನಾನು ಭಟ್ಟಿಗೆ ಹೋಗಿ ಬರ್ತೀನಿ. ರೇಣಿ ತಂಟೆ ಮಾಡಲ್ಲ," ಎಂದಳು. ಅವಳು ಹೋದ ಮೇಲೆ ಚಾಪೆಯ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ರೇಣಿ. ಜ್ವರದಲ್ಲಿ ನನ್ನ ಮೈ ಉರಿಯುತ್ತಿತ್ತು. ಮಗುವಿನ ತುಟಿಯ ಮೇಲೆ ಒಂದು ನೊಣ ಕೂತಿತು. ಮಗು ಅದನ್ನು ಓಡಿಸಲಿಲ್ಲ. ನೊಣ ತುಟಿಯಿಂದ ಮೂಗಿಗೆ, ಮೂಗಿನಿಂದ ಕಣ್ಣಿನ ಅಂಚಿಗೆ ಹೋಯಿತು. ಮಗು ಕಣ್ಣು ಮಿಟುಕಿಸಲೂ ಇಲ್ಲ.

ನಾನು ಎದ್ದು ಕೂತೆ. ಪಾದ ಹಿಡಿದುಕೊಂಡೆ, ಮಂಜಿನಷ್ಟು ತಣ್ಣಗಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಬೆರಳು ತೆಗೆದ ಮೇಲೂ ಆ ತಗ್ಗು ಹಾಗೇ ಉಳಿಯಿತು, ನಾದಿದ ಹಿಟ್ಟಿನ ಮೇಲೆ ಒತ್ತಿದ ಹಾಗೆ. ಅದು ತುಂಬಿಕೊಂಡ ಪಾದ ಅಲ್ಲ, ನೀರು ತುಂಬಿದ್ದು. ಅಂಗಿ ಎತ್ತಿ ನೋಡಿದರೆ ಎದೆಯಲ್ಲಿ ಒಂದೊಂದು ಎಲುಬೂ ಎಣಿಸುವಂತಿತ್ತು. ನಾನು ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಮೂರು ಉಸಿರು, ಆರು ಉಸಿರು, ಹತ್ತು. ಏನೂ ಬರಲಿಲ್ಲ. ಬರುವುದಕ್ಕೆ ಒಳಗೆ ಏನೂ ಇರಲಿಲ್ಲ.

ಆ ಖಾಲಿತನ ನನ್ನ ಅಂಗೈಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ನನಗೂ ಒಬ್ಬ ಮಗಳಿದ್ದಳು, ಗಿರಿಜ. ಅವಳಿಗೂ ಜ್ವರ ಬರುತ್ತಿರಲಿಲ್ಲ. ನಾನೂ ಹೀಗೇ ತಲೆ ತಗ್ಗಿಸಿ ಹೊಗಳಿಸಿಕೊಂಡಿದ್ದೆ. ಒಂದೂವರೆ ವರ್ಷಕ್ಕೆ, ಒಂದು ಬೆಳಿಗ್ಗೆ, ತೊಡೆಯ ಮೇಲೆ ಇದ್ದಳು, ಆಮೇಲೆ ಇರಲಿಲ್ಲ. ದೃಷ್ಟಿಯಾಯಿತು ಎಂದರು. ನಾನೂ ಹಾಗೇ ಅಂದುಕೊಂಡೆ. ನಡುವೆ ಎಷ್ಟೋ ಸಲ ಬೇರೊಂದು ಯೋಚನೆ ಬರುತ್ತಿತ್ತು, ಬಂದ ಕೂಡಲೇ ಎದ್ದು ಏನಾದರೂ ಕೆಲಸ ಹಿಡಿಯುತ್ತಿದ್ದೆ. ಅವತ್ತು ಬೇರೆಯವರ ಜ್ವರದಲ್ಲಿ ಮಲಗಿದ್ದೆ, ಹಿಡಿಯಲು ಯಾವ ಕೆಲಸವೂ ಇರಲಿಲ್ಲ. ಹಸಿದವಳಿಗೆ ಜ್ವರ ಹತ್ತುವುದಿಲ್ಲ ಎಂದು ನಮಗೆಲ್ಲ ಗೊತ್ತು. ಅದಕ್ಕೇ ಉಣ್ಣಿಸಿ ಮುಟ್ಟಿಸುತ್ತೇವೆ. ಹಸಿದ ಮಗುವಿಗೂ ಹತ್ತುವುದಿಲ್ಲ ಎಂದು ಈ ಓಣಿಯಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ.

ಕಂಬಳಿ ಹೊದ್ದುಕೊಂಡೇ ಭಟ್ಟಿಗೆ ಹೋದೆ. ಹೊತ್ತವಳು ಹೊರಗೆ ಬಂದದ್ದನ್ನು ನೋಡಿ ಜರಡಿಗಳು ನಿಂತವು.

"ಹುಲಿಗೆವ್ವ, ಮಗಳ ಮೈ ತಣ್ಣಗೈತೆ," ಎಂದೆ.

"ಯಾವಾಗ್ಲೂ ಹಂಗೇ ಅಲ್ವೇನಕ್ಕ? ಅವಳಪ್ಪನ ಮೈನೂ ಹಂಗೇ."

"ಹಂಗಲ್ಲ. ಅದರೊಳಗೆ ಏನೂ ಇಲ್ಲ. ಆಸ್ಪತ್ರೆಗೆ ತಗೊಂಡು ಹೋಗಾಣ, ಏಳು."

ಅವಳ ಮುಖ ಕೆಂಪಾಯಿತು. "ಯಾಕಕ್ಕ, ನನ್ನ ಮಗಳಿಗೊಂದು ಕಾಯಿಲೆ ಇಲ್ಲ ಅಂತ ನಿಮಗೆಲ್ಲ ಹೊಟ್ಟೆ ಉರಿ ಏನು? ಓಣಿ ಮಕ್ಕಳೆಲ್ಲ ಬಿದ್ದುಕೊಂಡಾಗ ಅದೊಂದೇ ಕೂತಿತ್ತು. ನಾನೇನು ಅದನ್ನ ಉಪವಾಸ ಕೆಡವಿದ್ದೀನಾ? ದಿನಾ ಮುಂದೆ ತುಂಬ ಹಾಕ್ತೀನಿ."

"ಮಂಡಕ್ಕಿ ಹಾಕ್ತೀಯ."

"ನೀವೆಲ್ಲ ಏನು ಹಾಕಿದ್ರಿ? ಹೋಳಿಗೆನಾ?"

ನಾನೂ ಮಂಡಕ್ಕಿಯನ್ನೇ ಹಾಕಿದ್ದೆ. ಹೊಟ್ಟೆ ಉಬ್ಬುವಷ್ಟು ತಿಂದರೂ ಗಾಳಿ ತಿಂದ ಹಾಗೆ ಎಂದು ಭಟ್ಟಿಯಲ್ಲೇ ಬದುಕು ಸವೆಸಿದವಳಿಗೆ ಗೊತ್ತಿರಬೇಕಿತ್ತು. ಅಲ್ಲಿಯೇ, ಎಲ್ಲರ ಮುಂದೆ, ಮೊದಲ ಸಲ ಗಿರಿಜಳ ಹೆಸರು ಹೇಳಿದೆ. ಹೇಗೆ ಹೊಗಳಿಸಿಕೊಂಡೆ, ಹೇಗೆ ಅವಳ ಪಾದಕ್ಕೆ ಮುತ್ತು ಕೊಟ್ಟು ಗುಂಡಗಿವೆ ಎಂದು ಸಂತೋಷಪಟ್ಟೆ, ಎಲ್ಲ. ಹೇಳುವಾಗ ಅಳು ಬರಲಿಲ್ಲ. ಮೈಮೇಲೆ ಜ್ವರವಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಮಾಬುನ್ನಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಗಿರಿಜ ಸತ್ತಾಗ ನನ್ನ ಮೈ ಹಿಡಿದುಕೊಂಡವಳು ಅವಳೇ.

ಹುಲಿಗೆಮ್ಮ ಜರಡಿಯನ್ನು ಕೆಳಗಿಟ್ಟಳು. ಅದನ್ನು ಅಷ್ಟು ಮೆಲ್ಲಗೆ ಇಟ್ಟದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ಓಡಿದಳು.

ಎಸ್ತರಮ್ಮ ಓಣಿಯ ಆ ತುದಿಯಲ್ಲಿದ್ದರು. ಚೀಲದಿಂದ ಮಕ್ಕಳ ತೋಳಿನ ದಪ್ಪ ಅಳೆಯುವ ಬಣ್ಣದ ಪಟ್ಟಿ ತೆಗೆದು ರೇಣಿಯ ತೋಳಿಗೆ ಸುತ್ತಿದರು. ಪಟ್ಟಿ ಕೆಂಪಿನಲ್ಲಿ, ತೀರಾ ಸೊರಗಿದ ಮಕ್ಕಳ ಬಣ್ಣದಲ್ಲಿ ನಿಂತಿತು. ಪಾದ ಒತ್ತಿ ನೋಡಿದರು. "ಇದರ ಒಲೆಯಾಗೆ ಸೌದೆನೇ ಇಲ್ಲ ಕಣಮ್ಮ, ಬೆಂಕಿ ಎಲ್ಲಿಂದ ಹತ್ತಬೇಕು? ಜ್ವರ ಬರಕ್ಕೂ ಶಕ್ತಿ ಬೇಕು," ಎಂದರು. ತಾವೇ ಆಟೋ ನಿಲ್ಲಿಸಿದರು, ಕಂಬಳಿ ಹೊದ್ದುಕೊಂಡೇ ನಾನೂ ಹತ್ತಿದೆ.

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ವಾರ್ಡು ಇದೆ. ಗೋಡೆಗೆ ಆನೆ, ಮೊಲದ ಚಿತ್ರ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಜ್ವರ ಇಲ್ಲದಿದ್ದರೂ ಒಳಗೆ ಸೋಂಕು ಇರುತ್ತದೆ ಎಂದು ಔಷಧಿ ಶುರು ಮಾಡಿದರು. ಮಗುವಿನ ತಲೆಗೆ ಟೋಪಿ ಹಾಕಿ, ಬರಿ ಮೈಯನ್ನು ತಾಯಿಯ ಎದೆಗೆ ಅವುಚಿ, ಮೇಲೆ ಕಂಬಳಿ ಹೊದೆಸಿದರು. "ನಿಮ್ಮ ಮೈ ಕಾವು ಇವಳಿಗೆ ಹೋಗ್ಲಿ," ಎಂದರು. ಹುಲಿಗೆಮ್ಮ ನನ್ನನ್ನು ನೋಡಿದಳು. ನಮ್ಮಲ್ಲಿ ಕಾವು ಮಗುವಿನಿಂದ ದೊಡ್ಡವರಿಗೆ ಬರುವುದು ಗೊತ್ತು, ಹೆತ್ತವಳಿಂದ ಮಗುವಿಗೆ ಹೋಗುವುದನ್ನು ಅವತ್ತು ಕಂಡೆವು. ಎರಡು ಗಂಟೆಗೊಮ್ಮೆ ಒಂದು ಸಣ್ಣ ಲೋಟದಲ್ಲಿ ಹಾಲಿನಂಥದ್ದು ಕೊಡುತ್ತಿದ್ದರು. ಅಷ್ಟೇ. "ಇಷ್ಟು ದಿನ ಉಪವಾಸ ಇದ್ದದ್ದಕ್ಕೆ ಇಷ್ಟೇ ಇಷ್ಟಾ?" ಎಂದು ನಾನು ಜಗಳ ತೆಗೆದೆ. ಒಮ್ಮೆಲೇ ತುಂಬಿಸಿದರೆ ಈ ಮೈ ತಡೆಯುವುದಿಲ್ಲ, ಮೆಲ್ಲಗೆ ಏರಿಸಬೇಕು ಎಂದು ಡಾಕ್ಟರು ಸಮಾಧಾನದಿಂದ ಹೇಳಿದರು.

ಐದನೆಯ ದಿನ ನಾನು ಹೋದಾಗ ಹುಲಿಗೆಮ್ಮ ಬಟ್ಟೆಯನ್ನೆಲ್ಲ ಗಂಟು ಕಟ್ಟಿಕೊಂಡು ಕೂತಿದ್ದಳು. ಮಾಬುನ್ನಿ ನನ್ನ ಜೊತೆಗಿದ್ದಳು.

"ಮನೆಗೆ ಹೋಗ್ತೀನಕ್ಕ," ಎಂದಳು. "ನೋಡು ಹೆಂಗಾಗ್ಯಾಳೆ. ಬರುವಾಗ ಕೆನ್ನೆ ಇತ್ತು, ಕಾಲು ಇತ್ತು. ಇಲ್ಲಿಗೆ ತಂದ ಮೇಲೆ ಕಡ್ಡಿ ಆಗ್ಯಾಳೆ. ತೂಕ ಕಮ್ಮಿ ಆಗೈತೆ ಅಂತ ಅವರೇ ಹೇಳಿದ್ರು. ಅದಕ್ಕೆ ಒಳ್ಳೇದು ಅಂತಾರೆ! ತೂಕ ಕಮ್ಮಿ ಆದ್ರೆ ಒಳ್ಳೇದಾ?"

ನೀರು ಇಳಿದು ಒಳಗಿದ್ದ ಮಗು ಹೊರಗೆ ಕಂಡಿತ್ತು. ಮುದುಕಿಯ ಮುಖ, ಜೋತುಬಿದ್ದ ತೊಡೆ. ನನ್ನ ಮಾತು ನಂಬಿ ಬಂದವಳು ಅವಳು. ಈ ಮಗುವಿಗೂ ಏನಾದರೂ ಆದರೆ ಎನ್ನುವ ಹೆದರಿಕೆಯನ್ನು ಐದು ದಿನದಿಂದ ಸೀರೆಯ ಗಂಟಿನ ಹಾಗೆ ಸೊಂಟದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೆ.

ಮಾಬುನ್ನಿ ಮಂಚದ ಮೇಲೆ ದೊಪ್ಪನೆ ಕೂತಳು. "ಹೋಗ್ತೀಯಾ? ಹೋಗು. ನಿನ್ನ ಜರಡಿ ಬೇರೆಯವರ ಕೈಗೆ ಹೋಗಬಾರ್ದು ಅಂತ ಐದು ದಿನದಿಂದ ಒಬ್ಬೊಬ್ಬರೂ ಪಾಳಿ ಮೇಲೆ ಹಿಡೀತಿದ್ದೀವಿ. ಇವತ್ತು ನಂದು. ರಟ್ಟೆ ನೋಡು, ಎತ್ತಕ್ಕಾಗ್ತಿಲ್ಲ. ಇಷ್ಟೆಲ್ಲ ಮಾಡಿದ್ದು ನೀನು ಗಂಟು ಕಟ್ಟಲಿ ಅಂತನಾ?"

"ನಾನು ಹಿಡೀರಿ ಅಂತ ಕೇಳಿದ್ನಾ?"

"ಕೇಳಿದ್ರೆ ನೀನು ಹುಲಿಗೆಮ್ಮ ಹೆಂಗಾಗ್ತಿದ್ದೆ? ಬಾಯಿ ಇರೋದು ಯಾತಕ್ಕೆ ಅಂತ ನಿಮ್ಮವ್ವ ಹೇಳಿಕೊಡ್ಲಿಲ್ಲ."

ಹುಲಿಗೆಮ್ಮ ಅಳುತ್ತಾಳೆ ಅಂದುಕೊಂಡೆ. ಅವಳು ನಕ್ಕಳು, ನಗುತ್ತ ನಗುತ್ತ ಅತ್ತಳು. ಅಷ್ಟರಲ್ಲಿ ಹಾಲಿನ ಲೋಟ ಬಂತು. ನಾನು ಮಗುವನ್ನು ಎತ್ತಿಕೊಂಡೆ. ಲೋಟ ತುಟಿಗೆ ತಾಕಿದಾಗ ರೇಣಿ ಕೈ ಎತ್ತಿ ಅದರ ಅಂಚನ್ನು ಹಿಡಿಯಿತು. ಆರು ತಿಂಗಳಲ್ಲಿ ಮುಂದೆ ಹಾಕಿದ ಮಂಡಕ್ಕಿ ಬಿಟ್ಟರೆ ಅದು ಬೇರೇನನ್ನೂ ತಾನಾಗಿ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಹುಲಿಗೆಮ್ಮ ಗಂಟು ಬಿಚ್ಚಿದಳು.

ಮೂರು ವಾರದ ಮೇಲೆ ಮನೆಗೆ ಬಂದರು. ನಮ್ಮ ಓಣಿ ಒಂದೆರಡು ವಿಷಯ ಬದಲಾಯಿಸಿಕೊಂಡಿತು. ಎಸ್ತರಮ್ಮ ಈಗ ಟವೆಲ್ ಇಲ್ಲದ ಬಾಗಿಲಲ್ಲಿ ಮೊದಲು ನಿಲ್ಲುತ್ತಾರೆ, ಪಟ್ಟಿ ಸುತ್ತುತ್ತಾರೆ, ಆಮೇಲೆ ಉಳಿದವರು. ಹಾಗೆ ನೋಡುವಾಗ ಹಿಂದಿನ ಓಣಿಯಲ್ಲಿ ಇನ್ನೊಂದು ಮಗು ಸಿಕ್ಕಿತು, ಅದೂ ತುಂಬ ಒಳ್ಳೆಯ ಮಗು, ಅಳದ ಮಗು. ಜ್ವರ ಹೊರಲು ಬಂದವಳಿಗೆ ಹಾಕುವ ತಟ್ಟೆಯಿಂದ ಮೊದಲ ತುತ್ತು ಆ ಮನೆಯ ಮಗುವಿಗೆ ಎಂದು ಮಾಬುನ್ನಿ ತಾನೇ ಒಂದು ಕಟ್ಟು ಮಾಡಿದಳು. ಇದನ್ನು ಯಾರು ಹೇಳಿದ್ದೆಂದು ಕೇಳಿದರೆ, "ಹಿಂದಿನಿಂದ ಬಂದದ್ದು," ಎನ್ನುತ್ತಾಳೆ. ಭಟ್ಟಿಗೆ ಮಕ್ಕಳನ್ನು ಕರೆತರುವವರು ಪುಟ್ಟ ಡಬ್ಬಿಯಲ್ಲಿ ಹೆಸರುಬೇಳೆ ಬೆರೆಸಿದ ಅನ್ನ ತರುತ್ತಾರೆ. ವಾರಕ್ಕೆ ಮೂರು ದಿನ ಅಂಗನವಾಡಿಯ ಮೊಟ್ಟೆ. ಹುಲಿಗೆಮ್ಮ ಮೊಟ್ಟೆಯನ್ನು ಹಿಸುಕಿ ತುಪ್ಪದ ಹನಿ ಹಾಕಿ ಉಣ್ಣಿಸುತ್ತಿದ್ದಳು. ತುಪ್ಪ ತೀರಿದ ದಿನ ನನ್ನ ಬಾಗಿಲಿಗೆ ಬಂದು ಲೋಟ ಹಿಡಿದು ಸುಮ್ಮನೆ ನಿಂತಳು. ನಾನೂ ಸುಮ್ಮನೆ ಹಾಕಿದೆ. ಇಬ್ಬರೂ ಬೇರೆ ಏನೋ ಮಾತಾಡಿದೆವು.

ಆದರೂ ನಾವಿಬ್ಬರೂ ಕಾಯುತ್ತಿದ್ದೆವು. ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ನಾನು ರೇಣಿಯ ಹೊಟ್ಟೆಯ ಮೇಲೆ ಒಮ್ಮೆ ಕೈ ಇಡುತ್ತಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಬೆಚ್ಚನೆಯ ಸುಳಿವು, ಮೊಟ್ಟೆಗೆ ಕಾವು ಕೊಡುವ ಕೋಳಿಯ ಅಡಿಯಲ್ಲಿ ಕೈ ಇಟ್ಟ ಹಾಗೆ. ರೇಣಿ ನನ್ನ ಕೈಯನ್ನು ತಳ್ಳಲು ಕಲಿತಳು. ಆಮೇಲೆ ಕಚ್ಚಲು ಕಲಿತಳು.

ಚಳಿ ಶುರುವಾದಾಗ ಓಣಿಯ ಮಕ್ಕಳಿಗೆಲ್ಲ ನೆಗಡಿ ಬಂತು. ಒಂದು ದಿನ ಹನ್ನೊಂದು ಗಂಟೆಯಿರಬೇಕು. ಹೊರ ಊರಿನ ವ್ಯಾಪಾರಿಯೊಬ್ಬ ಮಂಡಕ್ಕಿ ನೋಡಲು ಭಟ್ಟಿಗೆ ಬಂದಿದ್ದ, ಯಜಮಾನ ಅವನಿಗೆ ಚಹಾ ತರಿಸಿದ್ದ. ಮನೆಗೆ ಹೋಗಿದ್ದ ಹುಲಿಗೆಮ್ಮ ಮಗುವನ್ನು ಎದೆಗೆ ಹಿಡಿದುಕೊಂಡು, ಸೆರಗು ಜಾರಿದ್ದೂ ಗೊತ್ತಿಲ್ಲದೆ ಒಳಗೆ ನುಗ್ಗಿದಳು.

"ಜ್ವರ ಬಂತು! ಅಕ್ಕಾ, ನನ್ನ ಮಗಳಿಗೆ ಜ್ವರ ಬಂತು!"

ಹೆಂಗಸರೆಲ್ಲ ಜರಡಿ ಬಿಟ್ಟು ನಗುತ್ತ ಎದ್ದರು. ಒಬ್ಬಳು ಅಕ್ಷತೆಯ ಹಾಗೆ ಮಂಡಕ್ಕಿ ತೂರಿದಳು. ವ್ಯಾಪಾರಿ ಚಹಾ ಹಿಡಿದುಕೊಂಡು, "ಏನ್ರೀ ಇದು, ಮಗುವಿಗೆ ಜ್ವರ ಬಂದ್ರೆ ನಗ್ತಾರಲ್ರೀ," ಎಂದ. ಯಜಮಾನ, "ನೀವು ಸುಮ್ನೆ ಚಹಾ ಕುಡೀರಿ ಸ್ವಾಮಿ," ಎಂದು ತಾನೂ ನಗುತ್ತಿದ್ದ.

ಎಸ್ತರಮ್ಮನಿಗೆ ಹೇಳಿ ಕಳಿಸಿದೆವು. ಅವರು ಬಂದು ಎದೆ, ಕಿವಿ, ಗಂಟಲು ಎಲ್ಲ ನೋಡಿ, "ಬರಿ ನೆಗಡಿ. ಚೆನ್ನಾಗಿರೋ ಮಕ್ಕಳಿಗೆ ಬರೋ ಜ್ವರ," ಎಂದರು. ಔಷಧಿ ಬರೆದರು. ಇನ್ನು ಹೊರುವವರು ಯಾರು ಎನ್ನುವುದಕ್ಕೆ ಜಗಳ ಹತ್ತಿತು. "ನಾನು ಬೆಳಿಗ್ಗೆ ರೊಟ್ಟಿ ತಿಂದೀನಿ," ಎಂದು ಒಬ್ಬಳು. "ನಾನು ಎರಡು ತಿಂದೀನಿ," ಎಂದು ಇನ್ನೊಬ್ಬಳು. ಮಾಬುನ್ನಿ ಆಗಲೇ ಕೈ ತೊಳೆದುಕೊಂಡು ಸೆರಗಿಗೆ ಒರೆಸುತ್ತಿದ್ದಳು.

ಹುಲಿಗೆಮ್ಮ ಅವರ್ಯಾರನ್ನೂ ನೋಡಲಿಲ್ಲ. ನನ್ನ ಮುಂದೆ ಬಂದು ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಅವಳಿಗೆ ಅದೆಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ನಾನೇ ಕೈ ಚಾಚಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಚಾಚಲಿಲ್ಲ, ಕಾದೆ.

"ಅಕ್ಕ," ಎಂದಳು ಕೊನೆಗೆ, "ನನ್ನ ಮಗಳ ಜ್ವರ ಹೊತ್ಕೋತೀಯೇನು?"

"ಊಟ ಹಾಕ್ತೀಯೇನು?" ಎಂದೆ.

ಅವಳ ಕೋಣೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಮೊದಲ ತುತ್ತು ರೇಣಿಗೆ ಕೊಟ್ಟೆವು. ಜ್ವರದ ಬಾಯಿಗೆ ಬೇಡವಾಗಿ ಉಗುಳಿದಳು. ನಾನು ಹೊಟ್ಟೆ ತುಂಬ ಉಂಡೆ. ಎಷ್ಟೋ ವರ್ಷದಿಂದ ಹಾಗೆ ಉಂಡಿರಲಿಲ್ಲ. ಆಮೇಲೆ ಕೈ ತೊಳೆದು ಆ ಪುಟ್ಟ ಹೊಟ್ಟೆಯ ಮೇಲೆ ಇಟ್ಟೆ. ಮೂರನೆಯ ಉಸಿರಿನವರೆಗೂ ಕಾಯಬೇಕಾಗಲಿಲ್ಲ. ಮೊದಲ ಉಸಿರಿಗೇ ಬಂತು. ಬೆರಳಿಗೆ, ಮಣಿಕಟ್ಟಿಗೆ, ಮೊಣಕೈಗೆ, ಒಳ್ಳೆಯ ದಪ್ಪ ಜ್ವರ, ಭಟ್ಟಿಯ ಬಾಯಿಗೆ ಹೊಟ್ಟು ಹಾಕಿದಾಗ ಭಗ್ ಎನ್ನುವ ಹಾಗೆ. ಹೆಗಲಿಗೆ ಬಂದಾಗ ನನ್ನ ಕಣ್ಣು ಉರಿಯಿತು. ಎಸ್ತರಮ್ಮ ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು ಬೆಳಕಿಗೆ ಹಿಡಿದು, "ನೂರೊಂದೂವರೆ," ಎಂದರು. ಬಾಗಿಲಲ್ಲಿ ಗುಂಪು ಕೂಡಿದ್ದ ಹೆಂಗಸರು ಓ ಎಂದರು.

ನಾನು ಅಲ್ಲೇ ಎರಡು ಕಂಬಳಿ ಹೊದ್ದು ಮಲಗಿದೆ. ಕಾವು ಇಳಿದ ರೇಣಿ ಎದ್ದು ಕೂತು ಸುತ್ತ ನೋಡಿದಳು. ಹುಲಿಗೆಮ್ಮ ಅನ್ನ ಕಲೆಸಿ ತಂದಳು. ಮೊದಲ ತುತ್ತು ಒಳಗೆ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದಕ್ಕೆ ರೇಣಿಗೆ ತಟ್ಟೆಯೇ ಬೇಕಾಯಿತು. ಕೊಡದಿದ್ದಕ್ಕೆ ಕಾಲು ಬಡಿದು, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಓಣಿಗೆಲ್ಲ ಕೇಳುವಂತೆ ಕಿರುಚಿದಳು. ತಟ್ಟೆ ಕೊಟ್ಟರೆ ಬೋರಲು ಹಾಕಿದಳು. ಎತ್ತಿಕೊಳ್ಳಲು ಹೋದ ತಾಯಿಯ ಮೂಗಿಗೆ ಅನ್ನ ಮೆತ್ತಿದಳು. ಹುಲಿಗೆಮ್ಮನ ತಾಳ್ಮೆ ತಪ್ಪಿತು.

"ಎಂಥ ಹಟಮಾರಿ ನೋಡಕ್ಕ ಇದು! ಒಂದು ತುತ್ತು ನೆಟ್ಟಗೆ ತಿನ್ನಲ್ಲ, ತಿನ್ನಕ್ಕೆ ಬಿಡಲ್ಲ. ಈ ಮಗು ಹಿಂದೆ ಓಡಿ ಓಡಿ ನನ್ನ ಪ್ರಾಣ ಹೋಗ್ತೈತೆ!"

ಹಲ್ಲು ಕಟಕಟ ಎನ್ನುತ್ತಿತ್ತು. ಕಂಬಳಿಯಿಂದ ಮುಖ ಹೊರಗೆ ಹಾಕಿ, "ಏನಂದೆ?" ಎಂದೆ.

"ಹಟಮಾರಿ ಅಂದೆ. ಕೇಳಿಸ್ಲಿಲ್ವಾ?"

ಕೇಳಿಸಿತ್ತು. "ಇನ್ನೊಂದ್ಸಲ ಹೇಳು," ಎಂದೆ.